ಕಿರಿಯ ಅಧಿಕಾರಿ, ಹಿರಿಯ ಸುಬೇದಾರ

ವಿಜಯದಶಮಿಯ ಜಂಬೂಸವಾರಿಯಲ್ಲಿ ಅಶ್ವಾರೋಹಿ ದಳ ಸಾಗುವಾಗ ಮೈಸೂರಿನ ಹಿರಿಯರಿಗೆ ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ನೆನಪಾಗುವುದುಂಟು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟ ಪಡೆಯದು. 1953ರಲ್ಲಿ ಅದು ಭಾರತ ಸೈನ್ಯದ 61ನೇ ಅಶ್ವದಳದಲ್ಲಿ ವಿಲೀನವಾಯಿತು. ಸಂಸ್ಥಾನದ ಪಡೆಯಲ್ಲಿ ಅಧಿಕಾರಿಗಳು ನಮ್ಮವರೇ ಆಗಿದ್ದರು. ಬ್ರಿಟಿಷ್ ಭಾರತದ ಸೈನ್ಯದಲ್ಲಾದರೋ, ಮೂವತ್ತು ವರ್ಷ ಸೇವೆ ಸಲ್ಲಿಸಿದ ಸುಬೇದಾರ್ ಮೇಜರರೂ ನಿನ್ನೆ ಹಡಗಿನಿಂದಿಳಿದ ಆಂಗ್ಲ ಲೆಫ್ಟಿನೆಂಟನ ಕೈಕೆಳಗೇ ಇರಬೇಕಾಗಿತ್ತು.

ಸ್ವಾತಂತ್ರ್ಯಾನಂತರ ಆಂಗ್ಲರು ಹೋದರು. 1965ರಲ್ಲಿ ಜಮಾದಾರ ಎಂಬ ಹುದ್ದೆ ನಾಯಬ್ ಸುಬೇದಾರ ಎಂದಾಯಿತು. ಶ್ರೇಣಿಯ ಕ್ರಮ ಮಾತ್ರ ಹಾಗೆಯೇ ಉಳಿಯಿತು. ಡೆಹ್ರಾಡೂನಿನಲ್ಲಿ ತರಬೇತಿ ಮುಗಿಸಿ ಬಂದ ಇಪ್ಪತ್ತೆರಡರ ತರುಣನಿಗೆ, ತಂದೆಯ ವಯಸ್ಸಿನ ಸುಬೇದಾರರು ವಂದನೆ ಸಲ್ಲಿಸುತ್ತಾರೆ. ತರುಣನೂ ಅವರನ್ನು 'ಸಾಹೇಬ್' ಎಂದೇ ಕರೆಯುತ್ತಾನೆ. ಆಜ್ಞೆ ಇವನದು, ಆದರೆ ಯಾವ ಜವಾನನ ಮನೆಯಲ್ಲಿ ಕಾಯಿಲೆ, ಯಾರಿಗೆ ರಜೆಯ ಅಗತ್ಯ, ಯಾವ ಇಳಿಜಾರಿನಲ್ಲಿ ಕಾಲಿಡಬಾರದು ಎಂಬುದನ್ನು ಬಲ್ಲವರು ಅವರು. ಅಧಿಕಾರಿಯ ತಪ್ಪನ್ನು ಒಳ್ಳೆಯ ಸುಬೇದಾರರು ಜವಾನರೆದುರು ಆಡುವುದಿಲ್ಲ, ಏಕಾಂತದಲ್ಲಿ ತಿಳಿಸುತ್ತಾರೆ; ನಿರ್ಧಾರವಾದ ಮೇಲೆ ಅದನ್ನು ತಮ್ಮದೆಂಬಂತೆ ನಡೆಸುತ್ತಾರೆ. ಅವರ ಮಾತಿಗೆ ಕಿವಿಗೊಡದ ತರುಣ ಅಪಾಯಕಾರಿ. ಎಲ್ಲವನ್ನೂ ಅವರಿಗೇ ಬಿಟ್ಟು ಕೂರುವವನೂ ಅಷ್ಟೇ ಎಂದು ನಮ್ಮ ಅಭಿಪ್ರಾಯ.

ಅನುಭವ ಮಂಟಪದಲ್ಲಿ ಕಿರಿಯರಾದ ಚನ್ನಬಸವಣ್ಣನವರಿಗೆ ಹಿರಿಯ ಶರಣರು ತಲೆಬಾಗಿದ್ದನ್ನು ಬಲ್ಲ ನಮಗೆ ಇದು ಹೊಸತಲ್ಲವೆನಿಸಬಹುದು. ಆದರೆ ಅಲ್ಲಿ ಅರಿವೇ ಕಿರಿಯರಲ್ಲಿತ್ತು. ಇಲ್ಲಿ ಅಧಿಕಾರ ಮೊದಲು ಬರುತ್ತದೆ, ಅರಿವು ಆಮೇಲೆ. ಮಗ ಆಫೀಸರನಾದನೆಂದು ಹಿಗ್ಗುವ ನಮ್ಮ ಮನೆಗಳಲ್ಲಿ, ಅವನು ಯಾರಿಂದ ಕಲಿಯಬೇಕೆಂಬ ಮಾತು ಏಕೋ ಬರುವುದೇ ಇಲ್ಲ.

1987ರ ಮೇ ತಿಂಗಳಲ್ಲಿ ಸಿಯಾಚಿನ್ ಪ್ರದೇಶದ ಎತ್ತರದಲ್ಲಿದ್ದ ಶತ್ರುಠಾಣೆಯ ಕಡೆಗೆ ಸೆಕೆಂಡ್ ಲೆಫ್ಟಿನೆಂಟ್ ರಾಜೀವ್ ಪಾಂಡೆಯವರು ಒಂದು ಸಣ್ಣ ತುಕಡಿಯೊಡನೆ ಹೊರಟರು. ಕಡಿದಾದ ಹಿಮಗೋಡೆಗೆ ಹಗ್ಗ ಬಿಗಿದು ಏರುತ್ತಿದ್ದಾಗ ಗುಂಡಿಗೆ ಬಲಿಯಾದರು. ಜೊತೆಗಿದ್ದವರಲ್ಲಿಯೂ ಹೆಚ್ಚಿನವರು ಮಡಿದರು. ಮರುತಿಂಗಳು ಅವರ ಹೆಸರಿನಲ್ಲಿಯೇ ಕಾರ್ಯಾಚರಣೆ ನಡೆಯಿತು. ಮೊದಲ ತಂಡಕ್ಕೆ ಹಿಮದಡಿ ಹೂತ ಆ ಹಗ್ಗಗಳು ಸಿಗಲಿಲ್ಲ, ಮುಂದಿನ ತಂಡಕ್ಕೆ ಸಿಕ್ಕವು. ಜೂನ್ 26ರಂದು ನಾಯಬ್ ಸುಬೇದಾರ್ ಬಾನಾ ಸಿಂಗರು ಬೆರಳೆಣಿಕೆಯ ಜವಾನರೊಡನೆ ಮೇಲೇರಿ ಠಾಣೆಯನ್ನು ವಶಪಡಿಸಿಕೊಂಡರು. ಅವರಿಗೆ ಪರಮವೀರ ಚಕ್ರ ದೊರೆಯಿತು. ಆ ಶಿಖರಕ್ಕೆ ಇಂದಿಗೂ ಬಾನಾ ಟಾಪ್ ಎಂಬ ಹೆಸರಿದೆ.