ಎಸ್ಸೆಸ್ಸೆಲ್ಸಿ ಅಂಕ ಎಲ್ಲಿ ಹುಟ್ಟುತ್ತದೆ?

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯ ಶೇ. 94ರಷ್ಟು ಮಕ್ಕಳು ಪಾಸಾದರು. ಯಾದಗಿರಿಯಲ್ಲಿ ಪಾಸಾದವರು ಶೇ. 50.59 ಮಾತ್ರ. ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆಯ ದಿನವೂ ಒಂದೇ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು ನಕಲಿಗೆ ಕಡಿವಾಣ ಬಿದ್ದಿತ್ತು. ರಾಜ್ಯದ ಒಟ್ಟು ಫಲಿತಾಂಶವೇ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಕುಸಿದಿತ್ತು. ಹಾಗಾದರೆ ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಇಷ್ಟೊಂದು ಅಂತರ ಹುಟ್ಟುವುದು ಎಲ್ಲಿ?

ಈ ಬಗೆಯ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಒಬ್ಬರು. ಸುಮಾರು 4,000 ಶಾಲೆಗಳ 6 ಲಕ್ಷದಷ್ಟು ಮಕ್ಕಳ ಮಾಹಿತಿ ಆಧರಿಸಿ ಅವರ ತಂಡ 1966ರಲ್ಲಿ ವರದಿ ಕೊಟ್ಟಿತು. ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯಗಳೇ ಅಂಕದ ಅಂತರಕ್ಕೆ ಕಾರಣವೆಂದು ಹಲವರು ನಂಬಿದ್ದ ಕಾಲ ಅದು. ಮಗುವಿನ ಮನೆಯ ಹಿನ್ನೆಲೆ ಇವೆಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುತ್ತದೆ ಎಂದು ವರದಿ ಹೇಳಿತು. ಶಾಲೆಯ ಒಳಗಿನ ಸಂಗತಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಶಿಕ್ಷಕರ ಗುಣಮಟ್ಟ ಎಂಬುದು ಆಮೇಲಿನ ಸಂಶೋಧನೆಗಳಿಂದ ಗಟ್ಟಿಯಾಯಿತು.

ಮನೆಯ ಹಿನ್ನೆಲೆಯ ಮಾತು ನಮ್ಮ ಎರಡು ಜಿಲ್ಲೆಗಳಿಗೂ ಒಪ್ಪುತ್ತದೆ. 2011ರ ಜನಗಣತಿಯಲ್ಲಿ ಉಡುಪಿಯ ಸಾಕ್ಷರತೆ ಶೇ. 86ರಷ್ಟಿದ್ದರೆ ಯಾದಗಿರಿಯದು ಶೇ. 52ರ ಆಸುಪಾಸು. ಹೋಂವರ್ಕ್ ನೋಡುವವರು, ಅರ್ಥವಾಗದ್ದನ್ನು ಬಿಡಿಸಿ ಹೇಳುವವರು ಮನೆಯಲ್ಲಿ ಇದ್ದಾರೋ ಇಲ್ಲವೋ ಎಂಬುದೇ ಇಲ್ಲಿ ದೊಡ್ಡ ವ್ಯತ್ಯಾಸ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುವುದು, ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ದುಡಿಯಲು ಗುಳೆ ಹೋಗುವುದು ಯಾದಗಿರಿ ಭಾಗದಲ್ಲಿ ಹೊಸದಲ್ಲ. ವಾರಗಟ್ಟಲೆ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುವವರು ಯಾರು?

ಹೀಗೆ ತಪ್ಪಿದ ಪಾಠ ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನ ತರಗತಿಗೂ ಬೆನ್ನುಹತ್ತಿ ಬರುತ್ತದೆ. 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳ ಬಗ್ಗೆ ‘ಅಸರ್’ ಸಮೀಕ್ಷೆ 2024ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ. 43ರಷ್ಟು ಮಂದಿಗೆ ಮಾತ್ರ. ಎರಡನೇ ತರಗತಿ ಮಟ್ಟದ ಪಠ್ಯವನ್ನು ತಮ್ಮದೇ ಭಾಷೆಯಲ್ಲಿ ಸರಾಗವಾಗಿ ಓದಲಾಗದವರು ಕಾಲು ಭಾಗದಷ್ಟು.

ಹತ್ತನೇ ತರಗತಿಯ ಒಂದು ಲೆಕ್ಕ ನೋಡಿ: 4, 11, 18... ಈ ಸಮಾಂತರ ಶ್ರೇಢಿಯಲ್ಲಿ 249 ಎಷ್ಟನೆಯ ಪದ? ಸೂತ್ರ ಬಾಯಿಪಾಠವಿರುವ ಹುಡುಗಿ 249ರಿಂದ 4 ಕಳೆದು 245ಕ್ಕೆ ಬರುತ್ತಾಳೆ. ಅದನ್ನು 7ರಿಂದ ಭಾಗಿಸಬೇಕು, ಬಂದ 35ಕ್ಕೆ 1 ಕೂಡಿಸಬೇಕು, ಉತ್ತರ 36. ಅವಳು ನಿಂತುಬಿಡುವುದು ಶ್ರೇಢಿಯ ಬಳಿಯಲ್ಲ, ಭಾಗಾಕಾರದ ಬಳಿ. ನಾವು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟು ಕೆಲಸ ಮಾಡಬಲ್ಲ ಸಂಗತಿಗಳು ಮೂರೋ ನಾಲ್ಕೋ ಅಷ್ಟೆ. ಮನೋವಿಜ್ಞಾನಿಗಳು ಇದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ಏಳರ ಮಗ್ಗಿಗೆ ತಿಣುಕಾಡುವ ತಲೆಯಲ್ಲಿ ಸೂತ್ರಕ್ಕೆ ಜಾಗ ಉಳಿಯುವುದಿಲ್ಲ. ಮಗ್ಗಿ ನಾಲಿಗೆಯ ತುದಿಯಲ್ಲಿದ್ದರೆ ಅದೇ ಹುಡುಗಿ ಅರ್ಧ ನಿಮಿಷದಲ್ಲಿ ಲೆಕ್ಕ ಮುಗಿಸುತ್ತಾಳೆ. ಅವಳು ‘ಗಣಿತದಲ್ಲಿ ದಡ್ಡಿ’ ಅಲ್ಲ. ಐದನೇ ತರಗತಿಯ ಬಾಕಿಯನ್ನು ಹತ್ತನೆಯದರಲ್ಲಿ ತೀರಿಸುತ್ತಿದ್ದಾಳೆ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದೇ ಇಲ್ಲ, ಅದು ರಕ್ತದಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದರೆ ಸುಸ್ತು ಹೆಚ್ಚುತ್ತದೆ, ಗಮನ ನಿಲ್ಲುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದಕ್ಕಾಗಿಯೇ ಇರುವುದು. ಅದನ್ನು ಕಿಟಕಿಯಾಚೆ ಎಸೆಯದೆ ಊಟದ ನಂತರ ನುಂಗುವಂತೆ ನೋಡಿಕೊಳ್ಳುವುದೂ ಪಾಠದ ಒಂದು ಭಾಗವೇ.

ನಿದ್ದೆಯ ಕಥೆಯೂ ಹೀಗೆಯೇ. ಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಮಕ್ಕಳು ಬೇಗ ಮಲಗದಿರುವುದು ಬರೀ ಹಟವಲ್ಲ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಯ ಗಂಟೆಯನ್ನು ಬೆಳಿಗ್ಗೆ 7.50ರಿಂದ 8.45ಕ್ಕೆ ಮುಂದೂಡಿತು. ಮಕ್ಕಳ ನಿದ್ದೆ ಸರಾಸರಿ 34 ನಿಮಿಷ ಹೆಚ್ಚಿತು, ಅಂಕಗಳೂ ಸುಧಾರಿಸಿದವು. ನಮ್ಮಲ್ಲಿ ಶಾಲೆ ತಡವಾಗಿಯೇ ಶುರುವಾಗುತ್ತದೆ. ಆದರೆ ಪರೀಕ್ಷೆ ಹತ್ತಿರ ಬಂದಂತೆ ನಸುಕಿನ ನಾಲ್ಕಕ್ಕೇ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತೇವೆ. ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವಿಗೆ ಅದು ಲಾಭವಲ್ಲ, ನಷ್ಟ. ಓದಿದ್ದು ನೆನಪಿನಲ್ಲಿ ಬೇರೂರಲು ನಿದ್ದೆಯೇ ಬೇಕು.

ಹಾಗೆ ಎದ್ದು ಕೂತ ಮಗು ಮಾಡುವುದಾದರೂ ಏನು? ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಈ ಅಭ್ಯಾಸವನ್ನು ಪರೀಕ್ಷೆಗೆ ಒಡ್ಡಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ಕೇಳಿದಾಗ ಲೆಕ್ಕ ತಿರುವುಮುರುವಾಯಿತು: ಮುಚ್ಚಿಟ್ಟು ಬರೆದದ್ದರಲ್ಲಿ ಶೇ. 56 ಉಳಿದಿತ್ತು, ಬರೀ ಓದಿದ್ದರಲ್ಲಿ ಶೇ. 42. ಮರು ಓದು ‘ನನಗೆ ಬರುತ್ತದೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಶ್ರಮವೇ ಪಾಠವನ್ನು ಗಟ್ಟಿ ಮಾಡುತ್ತದೆ. ಇದಕ್ಕೆ ಟ್ಯೂಷನ್ ಫೀಸು ಬೇಡ. ಹಿಂದಿನ ವಾರದ ಮೂರು ಪ್ರಶ್ನೆಗಳಿಂದ ಇಂದಿನ ತರಗತಿ ಶುರು ಮಾಡಿದರೂ ಸಾಕು.

ಇಷ್ಟೆಲ್ಲ ನೋಡಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ ನಡೆಯುವ ವಿಶೇಷ ತರಗತಿ ಮತ್ತು ಪಾಸಿಂಗ್ ಪ್ಯಾಕೇಜುಗಳು ಯಾಕೆ ಅಲ್ಪ ಫಲವನ್ನಷ್ಟೇ ಕೊಡುತ್ತವೆ ಎಂಬುದು ತಿಳಿಯುತ್ತದೆ. ಅವು ಮಗುವನ್ನು ಪಾಸಿನ ಗಡಿ ದಾಟಿಸಬಹುದು, ಐದು ವರ್ಷದ ಬಾಕಿಯನ್ನು ತೀರಿಸಲಾರವು. ಅದಕ್ಕೆ ಸರಿಯಾದ ಸಮಯ ಎಂಟನೇ ತರಗತಿಯ ಜೂನ್. ಹಿಂದಿನ ತರಗತಿಗಳ ಕಲಿಕೆಯ ಕೊರತೆ ತುಂಬಲು ಆಗ ನಡೆಯುವ ‘ಸೇತುಬಂಧ’ ಕಾರ್ಯಕ್ರಮ ನಮ್ಮ ವ್ಯವಸ್ಥೆಯಲ್ಲಿ ಈಗಾಗಲೇ ಇದೆ. ಆದರೆ ಹಲವೆಡೆ ಅದು ಕಿರುಪರೀಕ್ಷೆ ನಡೆಸಿ ದಾಖಲೆ ತುಂಬುವುದಕ್ಕೇ ಮುಗಿದುಹೋಗುತ್ತದೆ. ಯಾರಿಗೆ ಭಾಗಾಕಾರ ಬರುವುದಿಲ್ಲ, ಯಾರು ಕನ್ನಡವನ್ನೇ ತಡವರಿಸಿ ಓದುತ್ತಾರೆ ಎಂಬುದನ್ನು ಆಗಲೇ ಗುರುತಿಸಬೇಕು. ತರಗತಿಯ ಬದಲು ಕಲಿಕೆಯ ಮಟ್ಟ ನೋಡಿ ಗುಂಪು ಮಾಡಿ, ದಿನಕ್ಕೊಂದು ಪೀರಿಯಡ್ ಅವರಿಗಾಗಿ ಮೀಸಲಿಡಬೇಕು. ಪ್ರಥಮ್ ಸಂಸ್ಥೆ ಪ್ರಾಥಮಿಕ ಶಾಲೆಗಳಲ್ಲಿ ಬಳಸಿರುವ ಈ ವಿಧಾನ ಫಲ ಕೊಡುತ್ತದೆಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರ ಕ್ಷೇತ್ರ ಪ್ರಯೋಗಗಳು ತೋರಿಸಿವೆ. ಈ ಇಬ್ಬರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮನೆಯ ಬಡತನವನ್ನು ಶಾಲೆಯೊಂದೇ ನೀಗಿಸಲಾರದು. ಭಾಗಾಕಾರವನ್ನು ಕಲಿಸುವುದು ಮಾತ್ರ ಶಾಲೆಯ ಕೈಯಲ್ಲೇ ಇದೆ, ಎಂಟನೆಯದರಲ್ಲೇ ಶುರು ಮಾಡಿದರೆ ಅದಕ್ಕೆ ಸುಮಾರು ಮೂರು ವರ್ಷ ಸಮಯವೂ ಇರುತ್ತದೆ.