ಫೋನು ಓದಬಲ್ಲದು, ನಾವು ಕಳಿಸುವುದನ್ನಲ್ಲ

ಪ್ರಶ್ನೆ: ಕಣ್ಣು ಕಾಣದವರಿಗೆ ಫೋನೇ ಕನ್ನಡ ಓದಿ ಹೇಳುತ್ತದಂತೆ. ಹಾಗಾದರೆ ಬ್ರೈಲ್ ಇನ್ನೇಕೆ? – ಓದುಗರು, ಮುಂಡರಗಿ

ಓದುವುದು ನಿಜ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಚಾಲೂ ಮಾಡಿದರೆ ಬೆರಳು ತಾಗಿದ್ದನ್ನು ಕನ್ನಡದಲ್ಲೇ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ತೊಡಕಿರುವುದು ಫೋನಿನಲ್ಲಲ್ಲ, ನಾವು ಕಳಿಸುವ ಕಡತದಲ್ಲಿ. ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಒಂದು ನೋಟಿಸನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದರೆ ಕಣ್ಣಿಗದು ಕನ್ನಡ. ಯಂತ್ರದ ಪಾಲಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ವಾಟ್ಸ್‌ಆ್ಯಪ್‌ನ ಫೋಟೊ ಸುತ್ತೋಲೆಯಂತೂ ಬರೀ ಚಿತ್ರ. ಚಿತ್ರದಿಂದ ಅಕ್ಷರ ಹೆಕ್ಕುವ ಆ್ಯಪ್‌ಗಳಿವೆಯಲ್ಲ ಎನ್ನಬಹುದು. ಇವೆ, ಆದರೆ ಓರೆಯಾಗಿ ತೆಗೆದ, ಒತ್ತಕ್ಷರ ಮಸುಕಾದ ಫೋಟೊದಲ್ಲಿ ಎಡವುತ್ತವೆ, ಎಡವಿದ್ದು ದಿನಾಂಕದಲ್ಲೋ ಮೊತ್ತದಲ್ಲೋ ಎಂಬುದು ಕೇಳುವವರಿಗೆ ತಿಳಿಯದು. ಮಾಹಿತಿ ಎಲ್ಲರಿಗೂ ಎಟಕುವ ರೂಪದಲ್ಲಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಸರ್ಕಾರಕ್ಕೇ ಹೊಣೆ ಹೊರಿಸಿದೆ; ಯೂನಿಕೋಡ್‌ಗಾದರೂ ಹೆಚ್ಚಿನ ಖರ್ಚಿಲ್ಲ.

ಇನ್ನು ಬ್ರೈಲ್. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ತಲೆಮಾರುಗಳಿಂದ ಸಂಗೀತವನ್ನು ಕಿವಿಯಿಂದಲೇ ಕಲಿತಿದ್ದಾರೆ, ಸರಿ. ಆದರೆ ಕಾಗುಣಿತ ಕಿವಿಗೆ ಪೂರ್ತಿ ಸಿಗುವುದಿಲ್ಲ: ಶಕಾರ ಷಕಾರ ನಮ್ಮ ಆಡುಮಾತಿನಲ್ಲಿ ಒಂದೇ. ಸ್ವತಃ ಬರೆಯಬೇಕಾದವರಿಗೆ ಅಕ್ಷರ ಬೆರಳಿಗೆ ಸಿಗಲೇಬೇಕು; ಹಾಗೆಂದೇ ಟಾಕ್‌ಬ್ಯಾಕ್ ಕೂಡ ಬ್ರೈಲ್ ಉಪಕರಣಕ್ಕೆ ಜೋಡಣೆಯಾಗುತ್ತದೆ.