ಅಪ್ಪ ಬೇಡ ಅಂದ ಪದ್ಮಿನಿ

ಮೂವತ್ತು ದಾಟಿದ ಮೇಲೆ ಕೆಲವರಿಗೆ ಮ್ಯಾರಥಾನ್ ಹುಚ್ಚು ಹಿಡಿಯುತ್ತೆ, ಕೆಲವರಿಗೆ ಟೆರೇಸ್ ಮೇಲೆ ಟೊಮೆಟೊ ಬೆಳೆಯೋ ಹುಚ್ಚು. ನನಗೆ ಹಿಡಿದದ್ದು ಹಳೇ ಕಾರಿನ ಹುಚ್ಚು. ಬೆಳ್ಳಂದೂರಿನ ಟ್ರಾಫಿಕ್ಕಲ್ಲಿ ಆಫೀಸ್ ಕ್ಯಾಬ್ ತೆವಳುತ್ತಿದ್ದರೆ, ನಾನು ಫೋನಿನಲ್ಲಿ ಮಾರಾಟಕ್ಕಿರುವ ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾಗಳ ಫೋಟೊ ನೋಡುತ್ತಾ ಕೂತಿರುತ್ತಿದ್ದೆ.

ಇದಕ್ಕೊಂದು ಕಾರಣವೂ ಇತ್ತು. ಅಪ್ಪ ಭದ್ರಾವತಿಯಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ 14 ವರ್ಷ ಡ್ರೈವರ್ ಆಗಿದ್ದವನು. ಓಡಿಸಿದ್ದು ಕೆನೆ ಬಣ್ಣದ ಪ್ರೀಮಿಯರ್ ಪದ್ಮಿನಿ. ಅಮ್ಮ ಹೋದ ಮೇಲೆ ಅವನನ್ನು ಬೆಂಗಳೂರಿಗೆ ಕರೆತಂದೆವು. ಬೆಳಗ್ಗೆ ವಾಕಿಂಗ್, ಆಮೇಲೆ ಪೇಪರ್, ಆಮೇಲೆ ಏನೂ ಇಲ್ಲ. ಬಾಲ್ಕನಿಯಲ್ಲಿ ಕೂತು ರಸ್ತೆ ನೋಡೋದು. ಗೇಟಿನ ಮುಂದೆ ಒಂದು ಪದ್ಮಿನಿ ತಂದು ನಿಲ್ಲಿಸಿದರೆ ಅಪ್ಪ ಮೊದಲಿನ ಹಾಗಾಗ್ತಾನೆ ಅನ್ನೋದು ನನ್ನ ಲೆಕ್ಕ. ಹೆಂಡತಿ ಷರತ್ತು ಹಾಕಿ ಒಪ್ಪಿದಳು: "ರಿಪೇರಿ, ಪೇಪರ್ ಎಲ್ಲಾ ಸೇರಿ 2 ಲಕ್ಷ. ಅದರ ಮೇಲೆ ಒಂದು ರೂಪಾಯಿ ಆದ್ರೂ ನೀನು ಆ ಕಾರಲ್ಲೇ ಮಲ್ಕೋ."

ಅಪ್ಪನಿಗೆ ಹೇಳದೆ ಹುಡುಕಾಟ ಶುರು ಮಾಡಿದೆ. ಊರಾಚೆಯ ಒಬ್ಬ ಬ್ರೋಕರ್ ಆಕಾಶನೀಲಿ ಪದ್ಮಿನಿ ತೋರಿಸಿದ. ಹೊಸ ಪೇಂಟ್, ಫಳಫಳ ಹೊಳೆಯುವ ಬಂಪರ್. ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಅಂದ. 15,000 ಅಡ್ವಾನ್ಸ್ ಕೊಟ್ಟುಬಿಟ್ಟೆ. ಮಾರನೇ ದಿನ ಆರ್‌ಸಿ ಪುಸ್ತಕ ಕೈಲಿ ಹಿಡಿದು ನೋಡಿದರೆ, ಚಾಸಿ ನಂಬರಿನ ಕೊನೆಯ ಎರಡು ಅಂಕಿ ಬೇರೆ. "ಅದೆಲ್ಲಾ ಅಡ್ಜಸ್ಟ್ ಮಾಡಿಸ್ಬೋದು ಸಾರ್" ಅಂದ. ನಾನು ಬೇಡ ಅಂದೆ. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಎಲ್ಲಾ ಹೇಳಿಬಿಟ್ಟೆ. ಅಪ್ಪ ಅನ್ನ ಕಲಸುತ್ತಾ ಕೇಳಿದ, "ಪದ್ಮಿನಿ ಯಾರಿಗೆ?"

"ನಿಂಗೇ ಅಪ್ಪ."

"ನಾನು ಕೇಳಿದ್ನಾ?"

ಆಮೇಲೆ ಅಪ್ಪ ಮಾತಾಡಿದ್ದನ್ನು ನಾನು ಅಷ್ಟು ಹೊತ್ತು ಎಂದೂ ಕೇಳಿರಲಿಲ್ಲ. ಮಳೆಗಾಲದ ಬೆಳಗಿನ ಜಾವ ಸ್ಟಾರ್ಟ್ ಆಗದ ಗಾಡಿಯನ್ನು ಒಬ್ಬನೇ ತಳ್ಳಿದ್ದು. ಡ್ರಮ್ ಬ್ರೇಕಿಗೆ ನೀರು ಹೋಗಿ ಪೆಡಲ್ ತುಳಿದರೂ ಗಾಡಿ ನಿಲ್ಲದೆ ಎದೆ ಬಾಯಿಗೆ ಬಂದದ್ದು. ಬೇಸಿಗೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕಾದು ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ, ಫ್ಯೂಯಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯೋದು. "ನಿಂಗೆ ಅದು ಸಿನಿಮಾ ಕಾರು. ನಂಗೆ ಡ್ಯೂಟಿ. ತಗೊಳ್ಳೋದಾದ್ರೆ ಓಡ್ಸೋ ಕಾರು ತಗೋ ಮಗಾ. ನಿಲ್ಲಿಸಿ ಒರೆಸೋ ಕಾರು ಬೇಡ. ಒರೆಸಿದ್ದು ಸಾಕಾಗಿದೆ."

ಅಲ್ಲಿಂದ ಹುಡುಕಾಟದ ದಿಕ್ಕೇ ಬದಲಾಯಿತು. ಅಲ್ಲೀವರೆಗೂ ಯಾವ ಕಾರು ಚೆಂದ ಅಂತ ನೋಡುತ್ತಿದ್ದೆ. ಈಗ ಕೆಟ್ಟರೆ ಯಾರು ಮುಟ್ಟುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಜೆಸಿ ರಸ್ತೆಯ ಅಂಗಡಿಗಳನ್ನು ಸುತ್ತತೊಡಗಿದೆ.

ಮೊದಲು ಬಿದ್ದುಹೋದದ್ದು ಕಾಂಟೆಸ್ಸಾ. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ 1984ರಿಂದ ತಯಾರಿಸಿದ ಗಾಡಿ ಅದು. ಇಸುಜು ಇಂಜಿನ್ ಇರೋದಾದರೆ ಇವತ್ತೂ ಗತ್ತಿನಿಂದ ಓಡುತ್ತೆ. ಆದರೆ ಹಿಂದಿನ ದೀಪದ ಗಾಜು, ಗ್ಲಾಸಿನ ರಬ್ಬರ್ ಬೀಡಿಂಗ್ ಒಡೆದರೆ ತಿಂಗಳುಗಟ್ಟಲೆ ಹುಡುಕಬೇಕು. ನೆಟ್ಟಗಿರುವ ಗಾಡಿಯ ಬೆಲೆಯೂ ನನ್ನ ಕೈ ಮೀರಿತ್ತು.

ಅಂಬಾಸಿಡರ್ ಕಥೆ ಬೇರೆ. 2014ರಲ್ಲಿ ತಯಾರಿಕೆ ನಿಂತಿದ್ದರೂ, ಅಷ್ಟು ವರ್ಷ ಟ್ಯಾಕ್ಸಿ, ಸರ್ಕಾರಿ ಗಾಡಿಯಾಗಿ ಓಡಿದ್ದರಿಂದ ಸಾಮಾನು ಸಿಗುತ್ತೆ, ಕೈ ಪಳಗಿದ ಮೇಸ್ತ್ರಿಗಳೂ ಇದ್ದಾರೆ. ತೊಂದರೆ ಬಂದದ್ದು ಟೇಪ್ ಹಿಡಿದಾಗ. ನಮ್ಮ ಬಾಡಿಗೆ ಮನೆಯ ಪಾರ್ಕಿಂಗ್ ಗೋಡೆಯಿಂದ ಗೇಟಿಗೆ 3.8 ಮೀಟರ್. ಅಂಬಾಸಿಡರ್ ಸುಮಾರು 4.3 ಮೀಟರ್. ಪದ್ಮಿನಿ ಸುಮಾರು 3.9. ಅಂದರೆ ಆ ಆಕಾಶನೀಲಿ ಸುಂದರಿ ಬಂದಿದ್ದರೂ ಗೇಟು ಮುಚ್ಚುತ್ತಿರಲಿಲ್ಲ! ಕಾರು ನೋಡೋಕೆ ಹೋಗುವ ಮೊದಲು ನಿಮ್ಮ ಪಾರ್ಕಿಂಗ್ ಅಳೆದುಕೊಳ್ಳಿ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ನಮ್ಮ ಬೆಂಗಳೂರಲ್ಲೇ ಹುಟ್ಟಿದ ಸಿಪಾನಿ ಡಾಲ್ಫಿನ್ ಕೂಡ ಒಂದು ವಾರ ತಲೆ ಕೆಡಿಸಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ ಪುಟ್ಟ ಗಾಡಿ, ಫೈಬರ್ ಬಾಡಿ, ತುಕ್ಕಿನ ಚಿಂತೆಯಿಲ್ಲ. ಆದರೆ ಉಳಿದಿರೋದೇ ಬೆರಳೆಣಿಕೆ. ಅಂಥದ್ದನ್ನು ದಿನಾ ರಸ್ತೆಗಿಳಿಸೋಕೆ ನನಗೆ ಧೈರ್ಯ ಸಾಲದು.

ಇನ್ನು ವಿಂಟೇಜ್ ನಂಬರ್ ಪ್ಲೇಟಿನ ಆಸೆ ಇರುವವರಿಗೊಂದು ಮಾತು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 'ವಿಎ' ಸರಣಿಯ ನಂಬರ್ ಸಿಗುತ್ತೆ. ಆದರೆ ಅದನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗಷ್ಟೇ ಹೊರಗೆ ತೆಗೆಯಬಹುದು. ದಿನನಿತ್ಯದ ಓಡಾಟಕ್ಕಿಲ್ಲ. ಓಡಿಸೋ ಆಸೆ ಇದ್ದರೆ ಮಾಮೂಲಿ ಆರ್‌ಸಿ ಜೀವಂತ ಇರುವ ಗಾಡಿಯೇ ಬೇಕು.

ಹೀಗೆ ಒಂದೊಂದೇ ಕಳಚಿ ಕೊನೆಗೆ ಉಳಿದದ್ದು ಮಾರುತಿ 800. ಇದೂ ಕ್ಲಾಸಿಕ್ಕಾ ಅಂತ ಆಫೀಸಲ್ಲಿ ನಕ್ಕರು. ಮೊದಲ ಮಾರುತಿಯ ಬೀಗದ ಕೈಯನ್ನು ಇಂದಿರಾ ಗಾಂಧಿ ಕೊಟ್ಟದ್ದು 1983ರ ಡಿಸೆಂಬರ್ 14ಕ್ಕೆ. ಆ ಮೊದಲ ಆಕಾರ 1986ರಲ್ಲೇ ಬದಲಾಯಿತು. ಅದು ಈಗ ಸಂಗ್ರಹಕಾರರ ಪಾಲು. ನಾನು ಹುಡುಕಿದ್ದು ತೊಂಬತ್ತರ ದಶಕದ್ದು, ಕಾರ್ಬುರೇಟರ್ ಇರೋದು. 796 ಸಿಸಿ, ಮೂರು ಸಿಲಿಂಡರ್, ಉದ್ದ 3.3 ಮೀಟರ್. 2014ರವರೆಗೂ ತಯಾರಾಗಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾದ ಗಾಡಿಯನ್ನು ಮುಟ್ಟದ ಮೆಕ್ಯಾನಿಕ್ ಯಾವ ಊರಲ್ಲಿದ್ದಾನೆ ಹೇಳಿ?

ತಿಪಟೂರಿನಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಹತ್ತಿರ 1994ರ ಬಿಳಿ 800 ಇದೆ ಅಂತ ಗೊತ್ತಾಯಿತು. ಈ ಸಲ ಅಪ್ಪನನ್ನು ಕರೆದುಕೊಂಡು ಹೋದೆ. "ಬೆಳಗ್ಗೆ ಏಳಕ್ಕೇ ಅಲ್ಲಿರಬೇಕು, ಬರೋ ಮುಂಚೆ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳು" ಅಂದ. ಹೋದವನೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಬಿಸಿ ಇಂಜಿನ್ ಎಲ್ಲಾ ರೋಗ ಮುಚ್ಚಿಡುತ್ತೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ನಿಜ ಗೊತ್ತಾಗೋದು. ಚೋಕ್ ಎಳೆದು ಕೀ ತಿರುಗಿಸಿದಾಗ ಹಿಂದೆ ನಿಂತು ಹೊಗೆ ನೋಡು ಅಂತ ನನ್ನನ್ನು ಕಳಿಸಿದ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡೀತಿದೆ ಅಂತರ್ಥ. ಬರಲಿಲ್ಲ.

ಅಪ್ಪನ ಕಣ್ಣಿಗೆ ಗ್ಲಾಕೋಮಾ, ಪಕ್ಕದ ನೋಟ ಕಮ್ಮಿ. ಹಾಗಾಗಿ ಹೆಚ್ಚಿನದೆಲ್ಲಾ ಕೈಯಲ್ಲೇ ನೋಡಿದ. ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಬಾಗಿಲ ಕೆಳಗೆ, ಚಕ್ರದ ಮೇಲ್ಗಡೆ ಎಲ್ಲಾ ಓಡಿಸಿದ. ಅಂಟದಿದ್ದ ಕಡೆ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ ಅಂತ ಲೆಕ್ಕ. ಒಂದೇ ಕಡೆ ಜಾರಿತು. ಮ್ಯಾಟ್ ಎತ್ತಿಸಿ ನೆಲ ತಡವಿದ. ಡ್ರೈವರ್ ಕಾಲ ಬಳಿ ಹೆಬ್ಬೆರಳು ಒತ್ತಿದರೆ ತಗಡು ಪುಡಿಯಾಯಿತು. ನನ್ನ ಮುಖ ಬಾಡಿತು. ಅಪ್ಪ ಮಾತ್ರ, "ಇದು ಟಿಂಕರಿಂಗ್ ಕೆಲಸ, ಆಗುತ್ತೆ. ಇಂಜಿನ್ ಕೂರಿಸಿರೋ ಜಾಗ ಗಟ್ಟಿ ಇದೆ" ಅಂದ. ಮೇಷ್ಟ್ರು ಆರ್‌ಸಿ ತಂದರು. ಇಂಜಿನ್ ನಂಬರ್, ಚಾಸಿ ನಂಬರ್ ನಾನೇ ಎರಡೆರಡು ಸಲ ಓದಿದೆ. 15,000 ಕೊಟ್ಟು ಕಲಿತ ಪಾಠ ತಾನೇ!

ಪೇಪರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ಶುಲ್ಕ ಚೆನ್ನಾಗಿ ಏರಿದೆ. ಮೇಷ್ಟ್ರು 2024ರಲ್ಲಿ ಮಾಡಿಸಿದ್ದರು, 2029ರವರೆಗೆ ಚಿಂತೆಯಿಲ್ಲ. ನಾನು ನೋಡಿ ಬಿಟ್ಟ ಎಷ್ಟೋ ಗಾಡಿಗಳ ಆರ್‌ಸಿ ಹಳೇ ಪುಸ್ತಕದಲ್ಲೇ ಇತ್ತು, ಆನ್‌ಲೈನ್‌ನಲ್ಲಿ ವಿವರವೇ ಇಲ್ಲ. ಅದನ್ನು ಆರ್‌ಟಿಒದಲ್ಲಿ ಸೇರಿಸದೆ ಹೆಸರು ವರ್ಗಾವಣೆ ಆಗಲ್ಲ. ಹಾಗೇ ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಎನ್‌ಒಸಿ ತರಿಸಿ ಇಲ್ಲಿ ಮತ್ತೆ ತೆರಿಗೆ ಕಟ್ಟುವಷ್ಟರಲ್ಲಿ ಅಗ್ಗ ಅನ್ನೋದು ಎಲ್ಲೋ ಹೋಗಿರುತ್ತೆ.

90,000ಕ್ಕೆ ಮಾತು ಮುಗಿಯಿತು. ಟೈರು, ಬ್ಯಾಟರಿ, ಬ್ರೇಕ್ ಶೂ, ಕಾರ್ಬುರೇಟರ್ ಸರ್ವಿಸ್ ಎಲ್ಲಾ ಸೇರಿ 38,000. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ ಅಂತ ಫ್ಯೂಯಲ್ ಪೈಪುಗಳನ್ನೂ ಹೊಸದು ಹಾಕಿಸಿದೆ. ನೆಲದ ಟಿಂಕರಿಂಗ್ 12,000. ವರ್ಗಾವಣೆ, ಇನ್ಶೂರೆನ್ಸ್ 9,000. ಬ್ರೋಕರ್ ನುಂಗಿದ 15,000 ಸೇರಿಸಿದರೂ 1,64,000. ಕಾರಲ್ಲಿ ಮಲಗೋ ಪ್ರಮೇಯ ಬರಲಿಲ್ಲ.

ಸುಖ ಮಾತ್ರ ಹೇಳಿದರೆ ತಪ್ಪಾಗುತ್ತೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಗಳನ್ನು ಕೂರಿಸಿಕೊಂಡು ಹೈವೇಗೆ ಹೋಗಲ್ಲ, ಅದಕ್ಕೆ ಬಸ್ಸೋ ರೈಲೋ. ರಾತ್ರಿ ದೂರದ ಪ್ರಯಾಣವೂ ಇಲ್ಲ. ಆಫೀಸಿಗೆ ವಾರಕ್ಕೆರಡು ದಿನ, ತರಕಾರಿಗೆ, ಅಪ್ಪನ ಕಣ್ಣಾಸ್ಪತ್ರೆಗೆ, ಅಷ್ಟೇ. ಬೆಳಗ್ಗೆ ಚೋಕ್ ಎಳೆದು ಎರಡು ನಿಮಿಷ ಕಾಯಬೇಕು. ಸಿಗ್ನಲ್ಲಿನಲ್ಲಿ ಪಕ್ಕದ ಆಟೊದವರು ಗಾಜು ಇಳಿಸಿ ಅಂತ ಸನ್ನೆ ಮಾಡಿ "ಯಾವ ಮಾಡ್ಲು ಸಾರ್?" ಅಂತ ಕೇಳಿದಾಗ ಆಗುವ ಖುಷಿಗೆ ಅಷ್ಟು ಕಾಯಬಹುದು.

ಅಪ್ಪನ ಲೈಸೆನ್ಸ್ ಮುಗಿದು ವರ್ಷಗಳಾದವು, ಸ್ಟಿಯರಿಂಗ್ ಮುಟ್ಟಿಲ್ಲ. ಮೊದಲ ದಿನ ಹಿಂದಿನ ಬಾಗಿಲು ತೆಗೆದುಕೊಟ್ಟೆ. ನನ್ನನ್ನೊಮ್ಮೆ ನೋಡಿ, ಸುತ್ತಿ ಬಂದು ಮುಂದಿನ ಎಡಗಡೆ ಸೀಟಲ್ಲೇ ಕೂತ. ಮೊನ್ನೆ ಆಸ್ಪತ್ರೆಯಿಂದ ವಾಪಸ್ ಬರುವಾಗ ರೇಡಿಯೊ ಆರಿಸು ಅಂದ. ಆರಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳಿದ.

"ಟ್ಯಾಪೆಟ್ ಸದ್ದು ಜಾಸ್ತಿ ಇದೆ. ಭಾನುವಾರ ಸ್ಪ್ಯಾನರ್ ಸೆಟ್ ತಂದಿಡು, ಹೇಳ್ಕೊಡ್ತೀನಿ."